ತಿಳಿನೀರಿಗೆ ಯಾವ ಗಾಳ

ರಬ್ಬರಿನ ಹುಳು ಹತ್ತು ಸೆಂಟಿಮೀಟರ್ ಉದ್ದವಿತ್ತು. ನೇರಳೆ ಬಣ್ಣ, ಮೈಯೊಳಗೆ ಬೆಳ್ಳಿಯ ಚೂರುಗಳು, ಬಾಲದ ತುದಿ ಹಳದಿ. ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು. ಅದು ನನ್ನ ದಿಂಬಿನ ಮೇಲೆ, ನಾನು ಕೆನ್ನೆ ಇಡುವ ಜಾಗದಲ್ಲಿಯೇ ಮಲಗಿತ್ತು.

ನಾನು ಕಿರುಚಲಿಲ್ಲ. ಟಿಶ್ಯೂ ಕಾಗದದಲ್ಲಿ ಎತ್ತಿಕೊಂಡು ಹೋಗಿ ಹಾಲ್‌ನಲ್ಲಿ ಕುಳಿತಿದ್ದ ಭಾವನ ಮುಂದೆ ಇಟ್ಟೆ.

"ಅಯ್ಯ, ಸಿಕ್ತಲ್ಲ," ಎಂದರು ಭಾವ. "ಮುಂಜಾನಿಂದ ಹುಡುಕಾಕ ಹತ್ತೀನಿ. ಪಾಕೀಟಿನ್ಯಾಗ ಎಂಟು ಇರಬೇಕಿತ್ತು, ಏಳ ಇದ್ದೂವು."

"ಬೆಳ್ಳುಳ್ಳಿ ವಾಸನೆ ಬರ್ತದೆ ಭಾವ."

"ಬರಬೇಕು. ಮೀನಕ್ಕ ಬೆಳ್ಳುಳ್ಳಿ ಅಂದ್ರ ಜೀವ."

ಅಡುಗೆಮನೆಯಿಂದ ಅಕ್ಕ ಕೇಳಿದಳು. "ನಿಮಗೆ ಹೇಗೆ ಗೊತ್ತು? ಮೀನು ಬಂದು ಹೇಳಿತಾ?"

ನಾನು ಕತಾರಿಗೆ ಬಂದು ಆಗ ಮೂರು ವರ್ಷವಾಗಿತ್ತು. ನೀರಿನ ಗುಣಮಟ್ಟ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸ, ಅಲ್ ಅಜೀಜಿಯಾದಲ್ಲಿ ಅಕ್ಕನ ಮನೆಯಲ್ಲಿ ವಾಸ. ಮನೆಗೆ ಎರಡು ಮಲಗುವ ಕೋಣೆ. ಒಂದು ಅಕ್ಕ ಭಾವನದು. ಇನ್ನೊಂದರಲ್ಲಿ ನಾನು, ಆರು ವರ್ಷದ ಅಕ್ಕನ ಮಗಳು, ಮತ್ತು ಗೋಡೆಗೆ ಒರಗಿ ನಿಂತ ಹನ್ನೊಂದು ಗಾಳದ ಕೋಲುಗಳು. ಕೋಲುಗಳಿಗೆ ನನಗಿಂತ ಹೆಚ್ಚು ಜಾಗವಿತ್ತು. ಅವುಗಳ ಮೇಲೆ ಬಟ್ಟೆ ಒಣಹಾಕುವಂತಿರಲಿಲ್ಲ. ನನ್ನ ಮಂಚದ ಮೇಲೆ ಯಾರು ಏನನ್ನಾದರೂ ಇಡಬಹುದಿತ್ತು.

ಭಾವ ಬಾಗಲಕೋಟೆ ಕಡೆಯವರು, ಮೊಟ್ಟೆಯ ಸಿಪ್ಪೆ ಕೂಡ ಹೊಸ್ತಿಲು ದಾಟದ ಮನೆಯಲ್ಲಿ ಹುಟ್ಟಿದವರು. ಅಕ್ಕ ಮತ್ತು ನಾನು ಉಡುಪಿಯವರು, ಮೀನಿಲ್ಲದ ಊಟವನ್ನು ಅರ್ಧ ಊಟವೆಂದು ಎಣಿಸುವವರು. ಅವರಿಬ್ಬರೂ ಇಂಜಿನಿಯರಿಂಗ್ ಓದುವಾಗ ಮೆಚ್ಚಿ ಮದುವೆಯಾದಾಗ ಅಡುಗೆಮನೆಯ ಬಗ್ಗೆ ಒಂದು ಒಪ್ಪಂದವಾಗಿತ್ತು: ಮನೆಯೊಳಗೆ ಮೀನು ಬೇಯುವುದಿಲ್ಲ, ಮನೆಯ ಹೊರಗೆ ಅಕ್ಕ ಏನು ತಿಂದಳೆಂದು ಭಾವ ಕೇಳುವುದಿಲ್ಲ. ಒಪ್ಪಂದ ಮಾಡಿಕೊಳ್ಳುವಾಗ ಇಬ್ಬರಿಗೂ ಒಂದು ಸಂಗತಿ ಹೊಳೆದಿರಲಿಲ್ಲ. ಕತಾರಿಗೆ ಬಂದ ಎರಡನೆಯ ವರ್ಷ ಭಾವನಿಗೆ ಮೀನಿನ ಹುಚ್ಚು ಹಿಡಿಯಿತು. ತಿನ್ನುವ ಹುಚ್ಚಲ್ಲ, ಹಿಡಿಯುವ ಹುಚ್ಚು. ಹಿಡಿದು, ಅಳತೆ ತೆಗೆದು, ಫೋಟೋ ಹೊಡೆದು, ಹಣೆಗೆ ಮುತ್ತು ಕೊಟ್ಟು, ತಿರುಗಿ ನೀರಿಗೆ ಬಿಡುವುದು.

ಇದನ್ನು ಕಲಿಸಿದ್ದು ಫೋನಿನಲ್ಲಿ ಬರುವ ವೀಡಿಯೋಗಳು. ಅಮೆರಿಕದ ಯಾವುದೋ ಬೆಟ್ಟಸೀಮೆಯ ತಿಳಿನೀರಿನ ಸರೋವರಗಳಲ್ಲಿ ಗಡ್ಡದ ಗಂಡಸರು ಬಾಸ್ ಎಂಬ ಮೀನನ್ನು ಹಿಡಿಯುತ್ತಿದ್ದರು. ಕತಾರಿನಲ್ಲಿ ಬಾಸ್ ಇಲ್ಲ, ಬೆಟ್ಟ ಇಲ್ಲ, ಸರೋವರ ಇಲ್ಲ. ಇದನ್ನು ನಾನು ಒಮ್ಮೆ, ಒಂದೊಂದಾಗಿ, ಭಾವನಿಗೆ ಹೇಳಿದ್ದೆ.

"ನೀರು ತಿಳಿ ಐತೋ ಇಲ್ಲೋ?" ಎಂದರು ಭಾವ.

"ಉಂಟು."

"ಮತ್ತೇನ ಬೇಕು?"

ವೀಡಿಯೋದ ಗಡ್ಡದವರಲ್ಲಿ ಎರಡು ಪಂಥಗಳಿದ್ದವು. ಉಡುಪಿಯಲ್ಲಿ ಬೆಳೆದ ನನಗೆ ಇಂಥ ವಾದ ಹೊಸದಲ್ಲ. ಒಂದು ಪವರ್ ಪಂಥ: ದಪ್ಪ ಕೋಲು, ದಪ್ಪ ದಾರ, ಅಂಗೈ ಉದ್ದದ ಹೊಳೆಯುವ ತಗಡಿನ ಮೀನು. ದೂರಕ್ಕೆ ಬೀಸಿ ಎಸೆದು ಗರಗರನೆ ಎಳೆದುಕೊಳ್ಳಬೇಕು. ಮೀನಿಗೆ ಯೋಚಿಸಲು ಸಮಯ ಕೊಡಬಾರದು. ಅದು ಹಸಿವಿನಿಂದಲ್ಲ, ಸಿಟ್ಟಿನಿಂದ ಕಚ್ಚುತ್ತದೆ. ಇನ್ನೊಂದು ಫಿನೆಸ್ ಪಂಥ, ಅಂದರೆ ನಯದ ದಾರಿ: ಬಳುಕುವ ಕೋಲು, ಕಂಡೂ ಕಾಣದ ದಾರ, ಸಣ್ಣ ರಬ್ಬರ್ ಹುಳು. ಮೆಲ್ಲಗೆ ಹಾಕಿ, ತಳ ಮುಟ್ಟುವವರೆಗೆ ಬಿಟ್ಟು, ಮಣಿಕಟ್ಟನ್ನು ಆಗಾಗ ತುಸು ನಡುಗಿಸಿ, ಕಾಯಬೇಕು. ಮೀನು ಅನುಮಾನಕ್ಕೆ ಕಾರಣ ಸಿಗದೆ ಕಚ್ಚುತ್ತದೆ. ತಿಳಿನೀರಿನಲ್ಲಿ ಮೀನಿಗೆ ಎಲ್ಲವೂ ಕಾಣುತ್ತದೆ, ದಾರವೂ ನೆರಳೂ ಕೂಡ. ಹಾಗಾಗಿ ಅಲ್ಲಿ ನಯವೇ ಸರಿ. ಗಾಳಿ ಎದ್ದು ನೀರು ಕದಡಿದರೆ ಮಾತ್ರ ಬಲ.

ಇದನ್ನೆಲ್ಲ ಭಾವ ಕಂಠಪಾಠ ಹೇಳಬಲ್ಲವರಾಗಿದ್ದರು. ನಯದ ಬಗ್ಗೆ ಅವರು ಎಷ್ಟು ಗಟ್ಟಿ ದನಿಯಲ್ಲಿ ಹೇಳುತ್ತಿದ್ದರೆಂದರೆ ಪಕ್ಕದ ಫ್ಲ್ಯಾಟಿನವರಿಗೂ ಅದು ಕಂಠಪಾಠವಾಗಿರಬೇಕು. ಹುಟ್ಟಿನಿಂದ ಅವರು ಪವರ್ ಪಂಥ. ಲಿಫ್ಟಿನ ಗುಂಡಿಯನ್ನು ಮೂರು ಸಲ ಒತ್ತುವರು. ಕಾರಿನ ಬಾಗಿಲು ಹಾಕಿದರೆ ಎದುರು ಕಟ್ಟಡದ ಪಾರಿವಾಳಗಳು ಏಳುವವು.

ನಯದ ಪಂಥದ ನಿಜವಾದ ಗುರು ನಮ್ಮ ಕೆಳಗಿನ ಮಹಡಿಯಲ್ಲಿದ್ದರು. ಉಳ್ಳಾಲದ ಕಡೆಯ ಬ್ಯಾರಿ, ಮೂವತ್ತು ವರ್ಷದಿಂದ ದೋಹಾದಲ್ಲಿ ಕಾರಿನ ಎಸಿ ಬಿಡಿಭಾಗಗಳ ಅಂಗಡಿ. ನಾನು ಅಂಕಲ್ ಎನ್ನುತ್ತಿದ್ದೆ, ಭಾವ ಸಾಹೇಬ್ರು ಎನ್ನುತ್ತಿದ್ದರು. ಅವರ ಬಳಿ ಕೋಲೇ ಇರಲಿಲ್ಲ. ಖಾಲಿ ನೀರಿನ ಬಾಟಲಿಗೆ ಸುತ್ತಿದ ದಾರ, ಒಂದು ಕೊಕ್ಕೆ, ಒಂದು ಸಿಗಡಿಯ ಚೂರು. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕಲ್ಲಿನ ಮೇಲೆ ಕೂರುವರು, ಒಂದು ಗಂಟೆಯಲ್ಲಿ ಊಟಕ್ಕಾಗುವಷ್ಟು ಹಿಡಿದು ಏಳುವರು.

"ಸಾಹೇಬ್ರ, ನೀವು ಮಾಡೂದಕ್ಕ ಫಿನೆಸ್ ಅಂತಾರ," ಎಂದು ಭಾವ ಒಮ್ಮೆ ಅವರಿಗೆ ತಿಳಿಸಿದರು.

"ಹಾಗಾ," ಎಂದರು ಅಂಕಲ್. "ನಮ್ಮಲ್ಲಿ ಅದಕ್ಕೆ ಸುಮ್ಮನೆ ಕೂತ್ಕೊಳ್ಳುದು ಅಂತ ಹೇಳ್ತೇವೆ."

ಶುಕ್ರವಾರ ಜುಮಾ ನಮಾಜು ಮುಗಿಸಿ ಅವರು ಬಂದ ಮೇಲೆ ಕೆಳಗಿನ ಮನೆಯಲ್ಲಿ ನಮ್ಮೆಲ್ಲರ ಊಟ. ಆಂಟಿ ಮೀನು ಮಾಡುತ್ತಿದ್ದರು. ಅಕ್ಕ ಮತ್ತು ನಾನು ವಾರದ ಬಾಕಿ ತೀರಿಸಿಕೊಳ್ಳುತ್ತಿದ್ದೆವು. ಭಾವ ಅದೇ ಮೇಜಿನಲ್ಲಿ ಮೊಸರನ್ನ, ಉಪ್ಪಿನಕಾಯಿ ಉಣ್ಣುತ್ತ ನಮ್ಮ ತಟ್ಟೆಯ ಮೀನಿನ ಸ್ವಭಾವ ವಿವರಿಸುತ್ತಿದ್ದರು. ಆ ಚಳಿಗಾಲದಲ್ಲಿ ಈ ಸ್ನೇಹಕ್ಕೆ ಹನ್ನೊಂದು ದಿನ ಭಂಗ ಬಂದಿತ್ತು. ಭಾವ ಹೇಗೋ ಎರಡು ಕಿಲೋದ ಒಂದು ಹಾಮೂರ್, ಇಲ್ಲಿನವರು ಎಲ್ಲಕ್ಕಿಂತ ರುಚಿ ಎನ್ನುವ ಮೀನು, ಹಿಡಿದು, ಮುತ್ತು ಕೊಟ್ಟು, ಅಂಕಲ್‌ನ ಕಣ್ಣೆದುರೇ ಸಮುದ್ರಕ್ಕೆ ಬಿಟ್ಟಿದ್ದರು.

"ಬಿಟ್ಟದ್ದಾ?" ಎಂದು ಅಂಕಲ್ ಮೆಲ್ಲಗೆ ಕೇಳಿದ್ದರಂತೆ. "ಹಾಮೂರ್ ಅನ್ನು? ಕೈಯಾರೆ?" ಅನಂತರ ಹನ್ನೊಂದು ದಿನ ಮಾತಿಲ್ಲ. ಕೊನೆಗೆ ಆಂಟಿ ಸಂಧಾನ ಮಾಡಿಸಿದರು. ಷರತ್ತು ಒಂದೇ: ಅಂಕಲ್ ಜೊತೆಗಿರುವಾಗ ಹಿಡಿದದ್ದು ಏನೇ ಆಗಲಿ, ಮನೆಗೆ ಬರಬೇಕು.

ನನ್ನ ವಿಷಯ ಬೇರೆಯಿತ್ತು. ನಾನು ಅಲ್ ಸದ್ದ್‌ನಲ್ಲಿ ಒಂದು ಕೋಣೆ ನೋಡಿದ್ದೆ. ನಾಲ್ಕನೆಯ ಮಹಡಿ, ಒಂದು ಕಿಟಕಿ, ಸಣ್ಣ ಅಡುಗೆ ಕಟ್ಟೆ, ಬಚ್ಚಲು, ಒಳಗಿನಿಂದ ಹಾಕಿಕೊಳ್ಳಬಹುದಾದ ಬಾಗಿಲು. ಆಫೀಸು ದೂರ ಎಂಬ ನೆಪ ನನಗಿರಲಿಲ್ಲ, ಅಲ್ ಅಜೀಜಿಯಾದಿಂದ ಮೆಟ್ರೋ ಇದೆ. ಯಾರ ಮೇಲೂ ದೂರಿರಲಿಲ್ಲ. ನನಗೆ ಇಪ್ಪತ್ತೇಳು ವರ್ಷವಾಗಿತ್ತು ಮತ್ತು ನಾನು ಇಷ್ಟರವರೆಗೆ ಒಂದೇ ಒಂದು ದಿನವೂ ಒಬ್ಬಳೇ ಒಂದು ಕೋಣೆಯಲ್ಲಿ ಮಲಗಿರಲಿಲ್ಲ. ಊರಿನಲ್ಲಿ ಅಕ್ಕನ ಜೊತೆ, ಹಾಸ್ಟೆಲಿನಲ್ಲಿ ಮೂವರ ಜೊತೆ, ಇಲ್ಲಿ ಅಕ್ಕನ ಮಗಳು ಮತ್ತು ಹನ್ನೊಂದು ಕೋಲುಗಳ ಜೊತೆ. ಕಟ್ಟಡದ ಕಾವಲಿನವನು, ಇಲ್ಲಿ ನಾತೂರ್ ಎನ್ನುತ್ತಾರೆ, ಕಣ್ಣೂರಿನ ಮನುಷ್ಯ, ಶನಿವಾರ ಬೆಳಿಗ್ಗೆಯವರೆಗೆ ಬೇರೆ ಯಾರಿಗೂ ತೋರಿಸುವುದಿಲ್ಲವೆಂದು ಮಾತು ಕೊಟ್ಟಿದ್ದ. ಅಷ್ಟರಲ್ಲಿ ನಾನು ಅಕ್ಕನಿಗೆ ಹೇಳಬೇಕಿತ್ತು.

ಅದೇ ಕಷ್ಟ. ನನ್ನ ಅರ್ಜಿಯನ್ನು ಪ್ರಯೋಗಾಲಯಕ್ಕೆ ಕಳಿಸಿದವಳು ಅಕ್ಕ. ವಿಮಾನ ನಿಲ್ದಾಣಕ್ಕೆ ಬಂದು ಸ್ವೆಟರ್ ಹೊದಿಸಿ ಕರೆತಂದವಳು ಅಕ್ಕ. ಒಳಗೆ ಎಸಿ ಜೋರು ಎಂದು, ಜೂನ್ ತಿಂಗಳಲ್ಲಿ. ಮೂರು ವರ್ಷದಿಂದ ದಿನಾ ನನ್ನ ಡಬ್ಬಿ ಕಟ್ಟಿದವಳು. ಅವಳಿಗೆ ಹೇಳದೆ ಹೌದು ಎನ್ನಲು ನನ್ನಿಂದ ಆಗುತ್ತಿರಲಿಲ್ಲ. ಅವಳು ಬೇಡವೆಂದರೆ ಹೌದು ಎನ್ನಲೂ ಆಗುತ್ತಿರಲಿಲ್ಲ.

ಏಳು ವಾರ ನಾನು ನಯದ ದಾರಿ ಹಿಡಿದಿದ್ದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಬಾಡಿಗೆ ಕೋಣೆಗಳ ಪುಟ ತೆರೆದು ಬಿಟ್ಟೆ. ಅಕ್ಕ ಅದನ್ನು ಮುಚ್ಚಿ ಪಾಲಕ್ ಪನೀರ್ ಮಾಡುವುದು ಹೇಗೆಂದು ಹುಡುಕಿದಳು. ಊಟದ ಹೊತ್ತಿಗೆ, ನನ್ನ ಆಫೀಸಿನ ಒಬ್ಬಳು ಒಬ್ಬಳೇ ಇರುತ್ತಾಳೆ ಎಂದೆ. ಅಕ್ಕ "ಪಾಪ" ಎಂದು ಮರುದಿನ ಅವಳಿಗೂ ಒಂದು ಡಬ್ಬಿ ಕಟ್ಟಿದಳು. ಅಲ್ ಸದ್ದ್ ಒಳ್ಳೆಯ ಜಾಗ ಅಲ್ಲವೇ ಎಂದು ಭಾವನನ್ನು ಕೇಳಿದೆ. ಅಲ್ಲಿ ಪಾರ್ಕಿಂಗ್ ಸಿಗದ ಬಗ್ಗೆ ಅವರು ನಲವತ್ತು ನಿಮಿಷ ಮಾತಾಡಿದರು. ಕೊನೆಗೆ ಒಬ್ಬರಿಗೆ ಮಾತ್ರ ಸಾಲುವ ಪುಟ್ಟ ಕುಕ್ಕರ್ ಕೊಂಡು ತಂದು ಮೇಜಿನ ನಡುವೆ ಇಟ್ಟೆ. ಇದಕ್ಕಿಂತ ಸ್ಪಷ್ಟವಾಗಿ ಸೂಚಿಸುವುದು ನನಗೆ ಗೊತ್ತಿರಲಿಲ್ಲ.

"ಎಷ್ಟು ಒಳ್ಳೆದು ಮಾರಾಯ್ತಿ," ಎಂದಳು ಅಕ್ಕ. "ಮಗಳಿಗೆ ಗಂಜಿ ಮಾಡ್ಲಿಕ್ಕೆ ಹೇಳಿ ಮಾಡಿಸಿದ ಹಾಗುಂಟು."

ಶುಕ್ರವಾರ ಬಂತು. ಅಕ್ಕನ ಮಗಳನ್ನು ಆಂಟಿಯ ಬಳಿ ಬಿಟ್ಟು ಬೆಳಿಗ್ಗೆ ಐದೂವರೆಗೆ ನಾಲ್ವರೂ ಭಾವನ ಕಾರಿನಲ್ಲಿ ಹೊರಟೆವು. ಹನ್ನೊಂದಕ್ಕೆ ದೋಹಾದಲ್ಲಿರಬೇಕು, ಅಂಕಲ್‌ಗೆ ಜುಮಾ ತಪ್ಪಬಾರದು. ದುಖಾನ್ ರಸ್ತೆಯಲ್ಲಿ ಒಂದು ಗಂಟೆ ಹೋಗಿ ಬಲಕ್ಕೆ ಮಣ್ಣಿನ ದಾರಿಗೆ ಇಳಿದರೆ ಜಿಕ್ರೀತ್ ಕಡೆಯ ಕೊಲ್ಲಿ. ಅಲೆಯಿಲ್ಲದ ಸಮುದ್ರ, ಗಾಜಿನಂತೆ ತಿಳಿ, ಅರ್ಧ ಫರ್ಲಾಂಗ್ ನಡೆದರೂ ಮೊಣಕಾಲು ಮುಳುಗದಷ್ಟು ಆಳ. ದಡದಲ್ಲಿ ಗಾಳಿ ಕೊರೆದ ಸುಣ್ಣದ ಬಂಡೆ, ಎರಡು ಮಹಡಿಯಷ್ಟು ಎತ್ತರ. ಈ ದೇಶದಲ್ಲಿ ತಿಳಿನೀರಿನ ಪಕ್ಕದಲ್ಲಿ ಎತ್ತರವಾದದ್ದು ಏನಾದರೂ ಇರುವ ಜಾಗವನ್ನು ಭಾವ ನಕಾಶೆ ನೋಡಿ ಹುಡುಕಿದ್ದರು. ಅದನ್ನು ಅವರು ಗುಡ್ಡದ ಕೆರೆ ಎನ್ನುತ್ತಿದ್ದರು.

ಕಾರು ನಿಂತ ಕೂಡಲೇ ಅಂಕಲ್ ತುಟಿಯ ಮೇಲೆ ಬೆರಳಿಟ್ಟರು. "ಇಲ್ಲಿಂದ ಮಾತು ಬಂದ್. ಇಷ್ಟು ತಿಳಿ ನೀರಲ್ಲಿ ನಾವು ಹೆಜ್ಜೆ ಇಟ್ಟದ್ದೂ ಮೀನಿಗೆ ಗೊತ್ತಾಗ್ತದೆ."

ನಾನು ಮಾತಾಡಲೇಬೇಕೆಂದು ನಿಶ್ಚಯಿಸಿಕೊಂಡು ಬಂದ ದಿನವೇ ಮಾತು ಬಂದ್.

ಭಾವ ಬಾಗಿಲು ಹಾಕಿದರು. ಬಂಡೆಯ ಹಿಂದಿನಿಂದ ಒಂದು ಕೊಕ್ಕರೆ ಎದ್ದು ಹೋಯಿತು.

"ಆಯ್ತು," ಎಂದರು ಅಂಕಲ್. "ಈಗ ಬಹ್ರೈನಿನ ಮೀನಿಗೂ ಗೊತ್ತಾಯ್ತು."

ನನ್ನನ್ನು ಮೀನಿನ ಬುಟ್ಟಿಯ ಅಧಿಕಾರಿಯಾಗಿ ನೇಮಿಸಲಾಯಿತು. ಬಾಗಲಕೋಟೆಯವರಾದ ಭಾವನಿಗೆ ಉಡುಪಿಯಲ್ಲಿ ಹುಟ್ಟಿದವರೆಲ್ಲ ಕೊಕ್ಕೆ ಬಿಡಿಸಲು, ಕಿವಿರು ಹಿಡಿಯಲು ತೊಟ್ಟಿಲಲ್ಲಿಯೇ ಕಲಿತಿರುತ್ತಾರೆಂಬ ನಂಬಿಕೆ. ನಮ್ಮ ತಂದೆ ಬ್ಯಾಂಕಿನಲ್ಲಿದ್ದರು. ಮೀನು ನಮ್ಮ ಮನೆಗೆ ಬುಟ್ಟಿಯಲ್ಲಿ, ಸತ್ತು, ಬರುತ್ತಿತ್ತು. ಜೀವಂತ ಮೀನನ್ನು ನಾನು ಮುಟ್ಟಿರಲಿಲ್ಲ. ಇದನ್ನು ಹೇಳಲೂ ನನಗೆ ಸರಿಯಾದ ಸಂದರ್ಭ ಸಿಕ್ಕಿರಲಿಲ್ಲ.

ಅಂಕಲ್ ದೂರದ ಒಂದು ಕಲ್ಲಿನ ಮೇಲೆ ಬಾಟಲಿ ಹಿಡಿದು ಕುಳಿತರು. ಭಾವ ಅತಿ ದಪ್ಪ ಕೋಲಿಗೆ ಅತಿ ಹೊಳೆಯುವ ತಗಡಿನ ಮೀನು ಕಟ್ಟಿದರು. ನೀರು ಕನ್ನಡಿಯಂತಿತ್ತು, ಗಾಳಿಯ ಸುಳಿವಿರಲಿಲ್ಲ.

"ಇಂಜಿನಿಯರ್ರೇ, ನಿಮ್ಮ ವೀಡಿಯೋದಲ್ಲಿ ಇಂಥ ನೀರಿಗೆ ಏನು ಹೇಳಿದ್ದಾರೆ?" ಅಂಕಲ್ ಪಿಸುದನಿಯಲ್ಲಿ ಕೇಳಿದರು.

"ಫಿನೆಸ್ ಅಂತ ಹೇಳ್ಯಾರ್ರೀ."

"ಮತ್ತೆ ಇದೆಂಥ?"

"ಇದು ಮೊದಲಿಗೆ. ನೀರ ಬಿಸಿ ಆಗ್ಲಿ ಅಂತ."

ಮೊದಲ ಎಸೆತ ದೂರ ಹೋಗಿ ಕಲ್ಲು ಬಿದ್ದಂತೆ ಬಿತ್ತು. ಎರಡನೆಯ ಎಸೆತಕ್ಕೆ ಭಾವ ಕೋಲನ್ನು ಹಿಂದಕ್ಕೆ ಬೀಸಿದಾಗ ತಗಡಿನ ಮೀನಿನ ಕೊಕ್ಕೆ ಅಂಕಲ್‌ನ ಬಿಳಿ ಟೋಪಿಗೆ ಸಿಕ್ಕಿತು. ಟೋಪಿ ಒಂದು ಸುಂದರವಾದ ಕಮಾನಿನಲ್ಲಿ ನಮ್ಮೆಲ್ಲರ ತಲೆಯ ಮೇಲೆ ಹಾದು ಐವತ್ತು ಮೀಟರಿನಾಚೆ ಇಳಿಯಿತು. ಭಾವ ಗಾಬರಿಯಿಂದ ಗರಗರ ಎಳೆದುಕೊಂಡರು. ಅದು ಸಿದ್ಧಾಂತದಲ್ಲಿ ಹೇಳಿದ ವೇಗದಲ್ಲಿಯೇ ಬಂತು.

ಅಂಕಲ್ ಬೋಳು ತಲೆಯ ಮೇಲೆ ಕೈಯಾಡಿಸಿಕೊಂಡರು. "ಅಳತೆ ಮಾಡಿ ಬಿಟ್ಟುಬಿಡಿ ಇಂಜಿನಿಯರ್ರೇ. ಮುತ್ತು ಕೊಡುದು ಮಾತ್ರ ಬೇಡ."

ಅಕ್ಕ ಚಾಪೆಯ ಮೇಲೆ ಕುಳಿತು ಚಹಾದ ಲೋಟ ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅವಳು ಸಂತೋಷದಲ್ಲಿದ್ದಾಳೆ, ಈಗ ಹೇಳಬಹುದು ಎನಿಸಿತು. ಅವಳು ಸಂತೋಷದಲ್ಲಿದ್ದಾಳೆ, ಈಗ ಹೇಗೆ ಹೇಳುವುದು ಎಂದೂ ಎನಿಸಿತು.

ಏಳನೆಯ ಎಸೆತದಲ್ಲಿ ತಗಡಿನ ಮೀನು ತಳದ ಕಲ್ಲಿಗೆ ಸಿಕ್ಕಿ ನಿಂತಿತು. ಭಾವ ದಪ್ಪ ಕೋಲನ್ನು ಅಕ್ಕನ ಕೈಗೆ ಕೊಟ್ಟು, ಪ್ಯಾಂಟು ಮಡಚಿ, ದಾರ ಹಿಡಿದುಕೊಂಡು ನೀರಿಗಿಳಿದರು. ಇಳಿಯುವ ಮೊದಲು, ತಂದಿದ್ದರೂ ಮುಟ್ಟದೆ ಇಟ್ಟಿದ್ದ ತೆಳ್ಳಗಿನ ಕೋಲಿನ ರಬ್ಬರ್ ಹುಳುವನ್ನು ಹತ್ತಿರದ ನೀರಿಗೆ ಹಾಕಿ ಕೋಲನ್ನು ನನ್ನ ಕೈಗೆ ಕೊಟ್ಟರು.

"ಇದನ್ನ ಹಿಡಕೊಂಡ ನಿಂದರು ತಂಗಿ. ಏನೂ ಮಾಡಬ್ಯಾಡ."

ಏನೂ ಮಾಡದೆ ನಿಲ್ಲುವುದು ನನಗೆ ಚೆನ್ನಾಗಿ ಬರುತ್ತದೆ. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ನನ್ನ ವಾಕ್ಯವನ್ನು ಸರಿಪಡಿಸಿಕೊಳ್ಳತೊಡಗಿದೆ. ಅಕ್ಕಾ, ನಾನು ಮುಂದಿನ ತಿಂಗಳಿಂದ ಬೇರೆ ಕಡೆ ಇರೋಣ ಅಂತಿದ್ದೇನೆ. 'ಬೇರೆ ಕಡೆ' ಎಂದರೆ ಬೇರೆ ದೇಶವೆಂದುಕೊಂಡಾಳು. 'ಇರೋಣ' ಎಂದರೆ ಎಲ್ಲರೂ ಹೋಗುವುದೆಂದುಕೊಂಡಾಳು. 'ಅಂತಿದ್ದೇನೆ' ತೆಗೆದರೆ ಒರಟು, ಇಟ್ಟರೆ ಬೇಡವೆನ್ನಲು ಜಾಗ. ಎಷ್ಟು ಹೊತ್ತು ಹೀಗೆ ನಿಂತಿದ್ದೆನೋ, ಸಣ್ಣ ಮೀನುಮರಿಗಳು ನನ್ನ ಹೆಬ್ಬೆರಳಿನ ಸುತ್ತ ಬಂದು ನಿಂತಿದ್ದವು.

ಆಗ ಕೋಲಿನ ತುದಿ ಎರಡು ಸಲ ತಟ್ಟಿತು, ಬಾಗಿಲು ತಟ್ಟಿದ ಹಾಗೆ. ಮೂರನೆಯ ಸಲ ತಟ್ಟಲಿಲ್ಲ, ಬಾಗಿ ನೀರಿಗೆ ಹೋಯಿತು. ಚಕ್ರ ಕಿರ್ರೆಂದು ಕೂಗಿತು.

"ಜಗ್ಗು ತಂಗಿ, ಜಗ್ಗು," ನೀರಿನ ನಡುವಿನಿಂದ ಭಾವ ಕೂಗಿದರು.

"ಎಳಿಬೇಡ ಮಗಾ," ಕಲ್ಲಿನ ಮೇಲಿನಿಂದ ಅಂಕಲ್. "ಹೋಗ್ಲಿ, ಅದು ಹೋಗುವಷ್ಟು ಹೋಗ್ಲಿ. ದಾರ ಸಪೂರ ಉಂಟು."

"ಸಡ್ಲ ಬಿಟ್ರ ಉಗುಳತೈತಿ. ಜಗ್ಗು."

"ಇಂಜಿನಿಯರ್ರೇ, ನೀವು ನಿಮ್ಮ ತಗಡು ನೋಡಿ."

ಅಕ್ಕ ದಪ್ಪ ಕೋಲನ್ನು ಬಿಸಾಡಿ ನನ್ನ ಪಕ್ಕಕ್ಕೆ ಓಡಿ ಬಂದಳು. ಮೀನು ನೋಡಲಿಲ್ಲ, ನನ್ನ ಮುಖ ನೋಡಿದಳು. "ಎಂಥ ಆಗಿದೆ ನಿನಗೆ? ಒಂದು ತಿಂಗಳಿಂದ ನೋಡ್ತಾ ಇದ್ದೇನೆ. ಊಟ ಸರಿ ಇಲ್ಲ, ಮಾತು ಮೊದಲೇ ಇಲ್ಲ. ಮೀನು ಸಿಕ್ಕಿದ್ರೂ ಈ ಮುಖವಾ?"

ನನ್ನ ಎರಡೂ ಕೈ ಕೋಲಿನ ಮೇಲಿದ್ದವು. ಕೋಲಿನ ಆ ಕಡೆ ಮೀನಿತ್ತು. ಎದ್ದು ಅಡುಗೆಮನೆಗೆ ಹೋಗುವ, ಫೋನ್ ಬಂದಂತೆ ಮಾಡುವ ಯಾವ ದಾರಿಯೂ ಇರಲಿಲ್ಲ.

"ನಾನು ಬೇರೆ ಮನೆ ಮಾಡ್ತೇನೆ," ಎಂದೆ. "ಅಲ್ ಸದ್ದ್‌ನಲ್ಲಿ. ಒಬ್ಬಳೇ."

ಅದು ಕೊಲ್ಲಿಯ ಆ ದಡದವರೆಗೆ ಕೇಳಿಸುವಷ್ಟು ಜೋರಾಗಿ ಬಂತು. ನನ್ನ ಗಂಟಲಿನಲ್ಲಿ ಅಂಥ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ನೀರಿನ ನಡುವೆ ಭಾವ ಒಂದು ಕ್ಷಣ ನಿಂತರು. "ಮಾಡೀಯಂತ," ಎಂದರು. "ಮೊದಲ ಮೀನ ತಗಿ."

ಅದನ್ನು ತೆಗೆಯಲು ಹನ್ನೆರಡು ನಿಮಿಷ ಬೇಕಾಯಿತು. ಮೂರು ಸಲ ಹೋಯಿತು, ಮೂರು ಸಲ ಬಂತು. ಅಂಕಲ್ ಹೇಳಿದಂತೆ ಹೋಗುವಾಗ ಬಿಟ್ಟೆ, ನಿಂತಾಗ ಸುತ್ತಿಕೊಂಡೆ. ಅಕ್ಕ ಪಕ್ಕದಲ್ಲಿಯೇ ನಿಂತಿದ್ದಳು. ಕೊನೆಗೆ ಅಂಕಲ್ ನೀರಿಗೆ ಕೈ ಹಾಕಿ ಎತ್ತಿದ್ದು ಒಂದು ಶೇರಿ ಮೀನು, ಕೆನ್ನೆಯ ಮೇಲೆ ತೆಳು ನೀಲಿ ಗೆರೆಗಳು. ಅಳತೆಪಟ್ಟಿ ಹಿಡಿದೆ: ನಲವತ್ತೊಂದು ಸೆಂಟಿಮೀಟರ್. ಭಾವ ಅಭ್ಯಾಸಬಲದಿಂದ ಎರಡೂ ಕೈ ಚಾಚಿ ಮುಂದೆ ಬಂದರು. ಅಂಕಲ್ ಮೀನನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದರು.

"ಮುತ್ತು ಬೇಕಾದ್ರೆ ಕೊಡಿ. ಬಿಡ್ಲಿಕ್ಕಿಲ್ಲ."

ಆಮೇಲೆ ಅಕ್ಕ ಚಾಪೆ ಮಡಚಿದಳು. ಫ್ಲಾಸ್ಕಿನ ಮುಚ್ಚಳವನ್ನು ಎಷ್ಟು ಬಿಗಿದಳೆಂದರೆ ಅದನ್ನು ತೆಗೆಯಲು ಮರುವಾರ ಭಾವನ ಇಕ್ಕಳ ಬೇಕಾಯಿತು.

ಹಿಂದಿರುಗುವಾಗ ಅಂಕಲ್ ಮುಂದೆ, ನಾವಿಬ್ಬರೂ ಹಿಂದೆ, ಮೀನು ಡಿಕ್ಕಿಯ ಐಸ್ ಪೆಟ್ಟಿಗೆಯಲ್ಲಿ. ದುಖಾನ್ ರಸ್ತೆಗೆ ಬಂದ ಕೂಡಲೇ ಅಕ್ಕ ಆರಂಭಿಸಿದಳು. ಅವಳದು ಬೀಸಿ ಎಸೆಯುವ ಕ್ರಮ. ಅಮ್ಮನಿಗೆ ಏನು ಹೇಳುವುದು. ಜ್ವರ ಬಂದರೆ ಕಷಾಯ ಯಾರು ಕೊಡುವುದು. ತಿನ್ನುವುದೇನು, ಬ್ರೆಡ್ಡಾ. ಜನ ಏನಂತಾರೆ, ಅಕ್ಕ ಭಾವ ಮನೆಯಿಂದ ಹೊರಗೆ ಹಾಕಿದರು ಅಂತ. ಉತ್ತರಕ್ಕೆ ಅವಳು ನಿಲ್ಲಲಿಲ್ಲ.

ಒಂದು ಸಲ ಮಾತ್ರ ನಿಂತಳು. "ನಮ್ಮಿಂದ ಎಂಥ ತಪ್ಪಾಯ್ತು, ಅದನ್ನಾದ್ರೂ ಹೇಳು," ಎಂದಳು. ಅವಳ ದನಿ ಬೇರೆಯಾಗಿತ್ತು.

"ಏನೂ ಆಗ್ಲಿಲ್ಲ ಅಕ್ಕ. ನಂಗೆ ಒಂದು ಬಾಗಿಲು ಬೇಕು, ಅಷ್ಟೇ."

"ನಮ್ಮ ಮನೆಗೆ ಬಾಗಿಲಿಲ್ವಾ?"

ಕಿಟಕಿಯಾಚೆ ಒಂದೇ ಬಣ್ಣದ ನೆಲ ಸರಿಯುತ್ತಿತ್ತು.

"ಆಗ್ಲಿಕ್ಕಿಲ್ಲ," ಎಂದಳು. "ಖಲಾಸ್."

ಐದು ನಿಮಿಷದ ಮೇಲೆ ಮುಂದಿನ ಸೀಟಿನಿಂದ ಅಂಕಲ್, ತಲೆ ತಿರುಗಿಸದೆ, ಹವೆಯ ಬಗ್ಗೆ ಕೇಳುವಂತೆ ಕೇಳಿದರು. "ಎಷ್ಟನೇ ಮಾಳಿಗೆ ಮಗಾ?"

"ನಾಲ್ಕು."

"ಲಿಫ್ಟ್ ಉಂಟಲ್ಲ?"

"ಉಂಟು ಅಂಕಲ್."

ತುಸು ಹೊತ್ತು ಬಿಟ್ಟು, "ನಾತೂರ್ ಯಾವ ಊರಿನವ?"

"ಕಣ್ಣೂರು."

"ಆ ಕಟ್ಟಡ ನಂಗೆ ಗೊತ್ತುಂಟು. ಎದುರಿಗೆ ನಮ್ಮ ಕಂಕನಾಡಿಯವರ ಹೋಟೆಲ್. ಅಲ್ಲಿ ನೀರು ದೋಸೆ ಸಿಗ್ತದೆ."

"ಹೋಟೆಲಿನ ದೋಸೆ ತಿನ್ಲಿಕ್ಕೆ ಇವಳು..." ಎಂದು ಅಕ್ಕ ಶುರುಮಾಡಿ ನಿಲ್ಲಿಸಿದಳು.

ಅಂಕಲ್ ಅವಸರ ಮಾಡಲಿಲ್ಲ. ಅಲ್ ರಯ್ಯಾನ್‌ನ ಮೊದಲ ಮನೆಗಳು ಕಾಣುವವರೆಗೆ ಸುಮ್ಮನಿದ್ದರು. ಆಮೇಲೆ ಒಂದು ಪ್ರಶ್ನೆ. "ಶುಕ್ರವಾರ ಊಟಕ್ಕೆ ಬರ್ತೀಯಲ್ಲ ಮಗಾ? ಅಲ್ಲ, ಆಂಟಿ ಕೇಳಿದ್ರೆ ಎಂಥ ಹೇಳುದು ಅಂತ."

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. "ಬರದೆ ಎಲ್ಲಿಗೆ ಹೋಗ್ತಾಳೆ? ಗುರುವಾರ ರಾತ್ರಿಯೇ ಬರ್ಬೇಕು. ಶನಿವಾರ ಸಂಜೆಯವರೆಗೆ ಇರ್ಬೇಕು."

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೆ ಗೊತ್ತಾಯಿತು. ಕನ್ನಡಿಯಲ್ಲಿ ಅಂಕಲ್‌ನ ಕಣ್ಣು ಹುಡುಕಿದಳು. ಅವರು ರಸ್ತೆ ನೋಡುತ್ತಿದ್ದರು.

ಆಗ ಭಾವ ಗಂಟಲು ಸರಿಪಡಿಸಿಕೊಂಡರು. ಇಷ್ಟು ಹೊತ್ತು ಅವರು ಸುಮ್ಮನಿದ್ದದ್ದೇ ದೊಡ್ಡದು. "ತಂಗಿ, ನಿನ್ನ ಮಂಚ ಎಷ್ಟ ಅಗಲ ಐತಿ? ಅಲ್ಲ, ಸುಮ್ಮನ ಕೇಳಿದೆ. ಅದು ಹೋದ್ರ ಆ ಗ್ವಾಡಿಗೆ ಒಂದು ಸ್ಟ್ಯಾಂಡ್..."

"ಒಂದು ಕೋಲು ಹೆಚ್ಚಾದ್ರೂ ನೀವೂ ಹೋಗಿ ಅಲ್ ಸದ್ದ್‌ನಲ್ಲೇ ಇರಿ," ಎಂದಳು ಅಕ್ಕ. ಅಲ್ಲಿಂದ ಮನೆಯವರೆಗೆ ಅವಳ ಮಾತೆಲ್ಲ ಅವರ ಮೇಲೆಯೇ ಬಿತ್ತು. ನಾನು ಬೆನ್ನನ್ನು ಸೀಟಿಗೆ ಒರಗಿಸಿದೆ.

ಮಧ್ಯಾಹ್ನ ಕೆಳಗಿನ ಮನೆಯಲ್ಲಿ ಊಟ. ಅಂಕಲ್ ಹಿಡಿದದ್ದು ಆ ದಿನ ಏನೂ ಇರಲಿಲ್ಲ. ಇಂಜಿನಿಯರ್ರು ಕಾರಿನ ಬಾಗಿಲು ಹಾಕಿದಾಗಲೇ ಮೀನೆಲ್ಲ ಹೋದವು ಎಂದು ಅವರ ದೂರು. ಭಾವ ಮೊಸರನ್ನ ಕಲಸುತ್ತ, ತಮ್ಮ ಫಿನೆಸ್ ಕೋಲು ಹೇಗೆ ಕೆಲಸ ಮಾಡಿತೆಂದು ಆಂಟಿಗೆ ವಿವರಿಸಿದರು. ಅಕ್ಕ ನನ್ನ ಮುಖ ನೋಡದೆ ಮೀನಿನ ನಡುವಿನ ತುಂಡನ್ನು ನನ್ನ ತಟ್ಟೆಗೆ ಹಾಕಿದಳು, ಮುಳ್ಳು ಬಿಡಿಸಿ, ನಾನಿನ್ನೂ ಆರು ವರ್ಷದವಳೆಂಬಂತೆ. ನಾನು ತಿಂದೆ.

ಸಂಜೆ ಬಟ್ಟೆ ಮಡಚುತ್ತಿದ್ದಾಗ ಅವಳು ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಆ ಅಡುಗೆ ಕಟ್ಟೆಯಲ್ಲಿ ಎರಡು ಒಲೆಯ ಸ್ಟವ್ ಹಿಡೀತದಾ?"

"ನೋಡ್ಲಿಲ್ಲ ಅಕ್ಕ."

"ಮನೆ ನೋಡ್ಲಿಕ್ಕೆ ಹೋದವಳು ಬಾಗಿಲು ನೋಡಿಕೊಂಡು ಬಂದಿದ್ದಿ," ಎಂದು ಹೇಳಿ ಹೋದಳು.

ಮರುದಿನ ಬೆಳಿಗ್ಗೆ ಏಳೂವರೆಗೆ ಮೆಟ್ರೋ ಹಿಡಿದು ಅಲ್ ಸದ್ದ್‌ನಲ್ಲಿ ಇಳಿದೆ. ನಾತೂರ್ ಚಹಾ ಕುಡಿಯುತ್ತಿದ್ದ. ಹೌದು ಎಂದೆ, ಕೀಲಿಕೈ ಕೇಳಿದೆ, ನಾಲ್ಕನೆಯ ಮಹಡಿಗೆ ಹೋದೆ. ಅಳತೆಪಟ್ಟಿ ತೆಗೆದು ಅಡುಗೆ ಕಟ್ಟೆಯನ್ನು ಉದ್ದಕ್ಕೂ ಅಗಲಕ್ಕೂ ಎರಡೆರಡು ಸಲ ಅಳೆದು ಅಕ್ಕನಿಗೆ ಬರೆದು ಕಳಿಸಿದೆ: ತೊಂಬತ್ತನಾಲ್ಕು, ಐವತ್ತೆಂಟು. ಎರಡು ಒಲೆ ಹಿಡಿಯುತ್ತದೆ.